ಲಗಮಣ್ಣ ಪಾದ್ರಿಯವರ ಕರಿ ರಟ್ಟಿನ ಪುಸ್ತಕ

ಹುಣಸಿಕಟ್ಟಿಯ ಜನ ಲಗಮಣ್ಣ ಪಾದ್ರಿಯವರನ್ನು ಹರದಾರಿ ದೂರದಿಂದಲೇ ಗುರುತು ಹಿಡಿಯುತ್ತಿದ್ದರು. ಬಲಗೈಯಲ್ಲಿ ಒಂದು ಛತ್ರಿ, ಎಡಗಂಕುಳಲ್ಲಿ ಒಂದು ಕರಿ ರಟ್ಟಿನ ಪುಸ್ತಕ. ಛತ್ರಿ ವರ್ಷಕ್ಕೆ ಮೂರು ಸಲವಾದರೂ ಬದಲಾಗುತ್ತಿತ್ತು. ಹೋದ ಮನೆಯಲ್ಲಿ ತಮ್ಮದನ್ನು ಬಿಟ್ಟು ಆ ಮನೆಯವರದನ್ನು ಹಿಡಿದುಕೊಂಡು ಬರುವುದು ಅವರ ಪದ್ಧತಿ. ಹೀಗಾಗಿ ಹುಕ್ಕೇರಿಯಿಂದ ಹಿಡಕಲ್ಲಿನವರೆಗೆ ಯಾರ ಛತ್ರಿ ಯಾರ ಮನೆಯಲ್ಲಿದೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪುಸ್ತಕವನ್ನು ಮಾತ್ರ ತಾವು ಎಲ್ಲಿಯೂ ಮರೆತವರಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಅದು ಪ್ರಾರ್ಥನೆಯ ಪುಸ್ತಕ. ಯಾರಿಗೆ ಯಾವ ಕಷ್ಟ ಬಂದರೂ ಪಾದ್ರಿಯವರ ಮುಂದೆ ಹೇಳಿಕೊಳ್ಳುವುದು, ಅವರು "ಬರಕೊಂತೀನಿ" ಎನ್ನುವುದು, ಭಾನುವಾರ ದೇವಾಲಯದಲ್ಲಿ ಪುಸ್ತಕವನ್ನು ಎದೆಗೆ ಅವುಚಿಕೊಂಡು, ಕಣ್ಣು ಮುಚ್ಚಿ, ಒಬ್ಬೊಬ್ಬರ ಹೆಸರು ಹಿಡಿದು ಬೇಡಿಕೊಳ್ಳುವುದು. ಇದು ಇಪ್ಪತ್ತಮೂರು ವರ್ಷದ ರೂಢಿ. ಹೇಳಿಕೊಳ್ಳುವವರಲ್ಲಿ ಸಭೆಯವರೇ ಇರಬೇಕೆಂದಿರಲಿಲ್ಲ. ಕುರಿ ಕಾಯುವ ಬೀರಸಿದ್ದಪ್ಪ ತನ್ನ ದೇವರಿಗೆ ನಡೆದುಕೊಳ್ಳುವುದನ್ನು ಬಿಡದೆ ಇಲ್ಲಿಯೂ ಒಂದು ಮಾತು ಹೇಳಿಟ್ಟಿದ್ದ. ಊರ ಹೊಲಗಳ ಲೆಕ್ಕ ಬರೆಯುವ ತಲಾಟಿ ಶಿದ್ಲಿಂಗಪ್ಪನವರು ತಮ್ಮ ವರ್ಗಾವಣೆ ನಿಲ್ಲಲಿ ಎಂದು ಗುಟ್ಟಾಗಿ ಹೇಳಿಟ್ಟಿದ್ದರು. ಅದು ಗುಟ್ಟಿನ ವಿಷಯವೆಂದು ಪಾದ್ರಿಯವರು ಸಭೆಯ ಮುಂದೆ ದೊಡ್ಡ ದನಿಯಲ್ಲಿ ದೇವರಿಗೆ ತಿಳಿಸಿದ್ದರು.

ಪ್ರಾರ್ಥನೆಯಲ್ಲಿ ಅವರಿಗೆ ಶ್ರದ್ಧೆ ಎಷ್ಟಿತ್ತೋ ಗೊಂದಲವೂ ಅಷ್ಟೇ ಇತ್ತು. ಸಭೆಯ ಹಿರಿಯ ದುರ್ಗಪ್ಪನ ಮಗಳಿಗೆ ವರ ನೋಡುತ್ತಿದ್ದ ವರ್ಷ ಅವನ ಎತ್ತಿನ ಗೊರಸಿಗೂ ಬಾವು ಬಂದಿತ್ತು. ಪಾದ್ರಿಯವರು ಎತ್ತಿಗೆ ಒಳ್ಳೆಯ ಮನೆತನದ ವರ ಸಿಗಲಿ ಎಂದೂ ಮಗಳ ಗೊರಸಿನ ಬಾವು ಇಳಿಯಲಿ ಎಂದೂ ಕಣ್ಣೀರು ತಂದುಕೊಂಡು ಬೇಡಿದರು. ಸಭೆಯವರು ಒಬ್ಬರೂ ನಗದೆ ಆಮೆನ್ ಎಂದರು. ಮುಂದಿನ ತಿಂಗಳು ಎತ್ತು ನೆಟ್ಟಗೆ ನಡೆಯಿತು, ಮಗಳ ಮದುವೆಯೂ ಗೊತ್ತಾಯಿತು. ಮೇಲೆ ಕುಳಿತು ಕೇಳುವವನು ತಾನೇ ಹೊಂದಿಸಿಕೊಳ್ಳುತ್ತಾನೆ ಎಂದು ದುರ್ಗಪ್ಪ ಊರ ತುಂಬ ಹೇಳಿದ.

ಇಂಥ ಪುಸ್ತಕದ ಬಗ್ಗೆ ಒಂದೇ ಒಂದು ಸಂಗತಿ ಹೊರಗೆ ಗೊತ್ತಿರಲಿಲ್ಲ. ತಮಗೂ ಹೆಂಡತಿ ಚನ್ನವ್ವನಿಗೂ ಬಿಟ್ಟರೆ ಇನ್ನೊಬ್ಬರಿಗೆ ಅದು ತಿಳಿದಿಲ್ಲವೆಂಬುದು ಲಗಮಣ್ಣನವರ ದೃಢವಾದ ನಂಬಿಕೆ. ಸಂಗತಿ ಏನೆಂದರೆ, ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ.

ಮೊದಲಿನ ಪುಸ್ತಕದಲ್ಲಿ ಇತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ ಅವರು ಗೋಕಾಕಿಗೆ ಹೋಗಲು ದೋಣಿಯಲ್ಲಿ ಕುಳಿತರು. ಘಟಪ್ರಭೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಡುಹೊಳೆಯವರೆಗೆ ಏನೂ ಆಗದೆ ಬಂದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಬೇಕೆನ್ನಿಸಿತು. ಅಂಬಿಗ ಬೇಡವೆನ್ನುತ್ತಿದ್ದಂತೆಯೇ ಎದ್ದುನಿಂತು ಎರಡೂ ಕೈ ಮೇಲೆತ್ತಿದರು. ಎರಡೂ ಕೈ ಮೇಲೆತ್ತಿದರೆ ಕಂಕುಳಲ್ಲಿದ್ದದ್ದು ಎಲ್ಲಿ ನಿಲ್ಲಬೇಕು? ಹನ್ನೆರಡು ವರ್ಷದ ಕಷ್ಟಸುಖ ಹೊಳೆಯ ಪಾಲಾಯಿತು. ಅದೇ ದಿನ ಗೋಕಾಕಿನ ಪೇಟೆಯಲ್ಲಿ ಅದೇ ಬಣ್ಣದ, ಅದೇ ಅಳತೆಯ ಪುಸ್ತಕ ಕೊಂಡರು. ಮನೆಗೆ ಹೋಗಿ ಎಲ್ಲವನ್ನೂ ನೆನಪಿನಿಂದ ಬರೆಯುವುದೆಂದು ನಿಶ್ಚಯ ಮಾಡಿಕೊಂಡರು. ಮನೆಗೆ ಬಂದರೆ ಅಂಗಳದಲ್ಲಿ ಯಾರೋ ನಿಂತು, ತಮ್ಮ ವಿಷಯ ಪುಸ್ತಕದಲ್ಲಿದೆಯೋ ಎಂದು ಕೇಳಿದರು. ಲಗಮಣ್ಣನವರು ಹೊಸ ಪುಸ್ತಕದ ಬೆನ್ನು ತಟ್ಟಿ "ಐತಿ" ಎಂದರು.

ಆ ಮಾತು ಅಂದು ಬಾಯಿಂದ ಹೋದದ್ದು ಮತ್ತೆ ಹಿಂದಕ್ಕೆ ಬರಲಿಲ್ಲ. ಇವತ್ತು ನಾಳೆ ಎನ್ನುತ್ತ ಹನ್ನೊಂದು ವರ್ಷ ಕಳೆದವು.

ಅಷ್ಟರೊಳಗೆ ಜನರಿಗೂ ಒಂದು ಚಾಳಿ ಹತ್ತಿತ್ತು. ಭಾನುವಾರ ಆರಾಧನೆಗೆ ಮುಂಚೆ ದೇವಾಲಯದ ಬಾಗಿಲಲ್ಲಿ ಸಾಲಾಗಿ ನಿಂತು, ಹಿಂದೆ ಹೇಳಿದ್ದನ್ನೇ ಮತ್ತೆ ಹೇಳುವುದು. ಸಾಲಿನಲ್ಲಿ ಮೊದಲು ಕಾಡವ್ವ. ದೇವಾಲಯದ ಬಾಗಿಲು ತೆಗೆಯುವುದು, ಕಸ ಗುಡಿಸುವುದು, ಬೇವಿನ ಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡನ್ನು ಬಡಿದು ಜನರನ್ನು ಕರೆಯುವುದು ಆಕೆಯ ಕೆಲಸ. ವಯಸ್ಸಿನಲ್ಲಿ ಪಾದ್ರಿಯವರಿಗಿಂತ ಹಿರಿಯಳು.

"ಯಪ್ಪಾ, ಬಲಗಣ್ಣ ಪೊರಿ. ಎಡಗಣ್ಣಲ್ಲ. ಬಲಗಣ್ಣು" ಎಂದು ಪ್ರತಿ ವಾರ ಹೇಳುವಳು.

"ಪುಸ್ತಕದಾಗ ಐತಿ ಕಾಡವ್ವಾ."

"ಇರಲೇಳ್ರಿ. ಆದ್ರೂ ಹೇಳತೇನಿ."

ಇವರೆಂಥ ಮರೆವಿನ ಮಂದಿ, ಹೇಳಿದ್ದನ್ನೇ ಎಷ್ಟು ಸಲ ಹೇಳುತ್ತಾರೆ ಎಂದು ಲಗಮಣ್ಣನವರು ಮನೆಯಲ್ಲಿ ಬೇಸರಪಡುತ್ತಿದ್ದರು. ಚನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹೌದ್ರಿ, ಭಾಳ ಮರೆವಿನ ಮಂದಿ" ಎನ್ನುತ್ತಿದ್ದಳು.

ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಮಿಶನ್ನಿನಿಂದ ಪತ್ರ ಬಂತು. ಲಗಮಣ್ಣನವರು ನಿವೃತ್ತರಾಗುವರು. ಮುಂದಿನ ಭಾನುವಾರ ಅವರ ಬೀಳ್ಕೊಡುಗೆಯ ಆರಾಧನೆ. ಅವರ ಜಾಗಕ್ಕೆ ನೇಮಕವಾದ ಹೊಸ ಪಾಳಕರು ಶನಿವಾರವೇ ಬಂದು, ಸಭೆಯ ಸಾಮಾನು ಮತ್ತು ಎಲ್ಲ ದಫ್ತರಗಳನ್ನು ಪಟ್ಟಿಯ ಪ್ರಕಾರ ವಹಿಸಿಕೊಳ್ಳುವರು. ಆರಾಧನೆಯ ಕೊನೆಗೆ ದುರ್ಗಪ್ಪ ಈ ಪತ್ರವನ್ನು ಎದ್ದುನಿಂತು ಓದಿದ. "ಎಲ್ಲ ದಫ್ತರ" ಎಂಬಲ್ಲಿಗೆ ಬಂದಾಗ ಅವನು ಓದುವುದನ್ನು ನಿಲ್ಲಿಸಿ ಪಾದ್ರಿಯವರ ಎಡಗಂಕುಳನ್ನು ನೋಡಿದ. ಸಭೆಯೂ ನೋಡಿತು. ಪಾದ್ರಿಯವರು ತಾವೂ ಒಮ್ಮೆ ನೋಡಿಕೊಂಡರು.

ಅಂದು ಮಧ್ಯಾಹ್ನ ಚನ್ನವ್ವ ಮೂಡಲಗಿಗೆ ಒಯ್ಯುವ ಗಂಟು ಕಟ್ಟುತ್ತಿದ್ದಳು. ಮೂಡಲಗಿಯಲ್ಲಿ ಆಕೆಯ ತವರಿನವರು ಕೊಟ್ಟ ಎರಡು ಅಂಕಣದ ಮನೆಯೊಂದಿತ್ತು. ಖರೆ ಸಂಗತಿ ಜನರ ಮುಂದೆ ಹೇಳಿಬಿಡುವುದು ಒಳ್ಳೆಯದೆಂದು ಆಕೆ ಸೂಚಿಸಿದಳು.

"ಹೇಳಿದ್ರ ಏನಂತಾರ ಗೊತ್ತೈತೇನ?" ಎಂದರು ಲಗಮಣ್ಣನವರು. "ಹನ್ನೊಂದು ವರ್ಷ ನಮ್ಮ ಸಲುವಾಗಿ ಬೇಡಕೊಂಡs ಇಲ್ಲ ಅಂತಾರ. ನಾ ಬೇಡೇನಿ. ಖರೆ ಬೇಡೇನಿ. ಆದ್ರ ಅದನ್ನ ಎಲ್ಲಿ ತೋರಸಲಿ?"

ಹಾಗಾದರೆ ಕುಳಿತು ಬರೆದುಬಿಡಿ, ಇನ್ನೂ ಆರು ದಿನ ಉಂಟು ಎಂದಳು ಚನ್ನವ್ವ.

ಸೋಮವಾರ ಬೆಳಗಾಗುತ್ತಲೇ ಲಗಮಣ್ಣನವರು ಬರೆಯಲು ಕುಳಿತರು. ಪುಸ್ತಕ ತೆರೆದು, ಟಾಕನ್ನು ಮಸಿಯಲ್ಲಿ ಅದ್ದಿ, ಮೊದಲನೆಯ ಹೆಸರಿನ ಮೊದಲನೆಯ ಅಕ್ಷರ ಬರೆದದ್ದೇ ತಡ, ಅಂಗಳದಲ್ಲಿ ಕೆಮ್ಮಿದ ಸಪ್ಪಳವಾಯಿತು. ಹಸಿ ಮಸಿಯ ಮೇಲೆಯೇ ಪುಸ್ತಕ ಮುಚ್ಚಿ ಅದರ ಮೇಲೆ ಕುಳಿತುಬಿಟ್ಟರು.

ಬಂದವನು ದುರ್ಗಪ್ಪ. ಅವನು ಹೇಳಿದ್ದನ್ನು ಕೇಳಿ ಲಗಮಣ್ಣನವರಿಗೆ ಬೆವರು ಬಂತು. ಪಾದ್ರಿ ಬದಲಾದ ಮೇಲೆ ಹಳೆಯ ಪಾದ್ರಿ ಬರೆದುಕೊಂಡ ಪ್ರಾರ್ಥನೆ ಊರ್ಜಿತವೋ ಅಲ್ಲವೋ ಎಂದು ಊರಲ್ಲಿ ಮಾತು ಎದ್ದಿದೆಯಂತೆ. ಮುಂಬಯಿ ರಾಜ್ಯ ಹೋಗಿ ಮೈಸೂರು ರಾಜ್ಯ ಬಂದಾಗ ಎಷ್ಟು ಮಂದಿಯ ಹೆಸರು ಹೊಲದ ಉತಾರದಿಂದ ಬಿಟ್ಟುಹೋಗಲಿಲ್ಲ? ಆದ್ದರಿಂದ ಎಲ್ಲವನ್ನೂ ಈ ವಾರದಲ್ಲಿಯೇ ಹೊಸದಾಗಿ ಬರೆದಿಡಬೇಕು.

"ನಮ್ಮಪ್ಪ ಹೊಲಕ್ಕ ಮಳಿ ಆಗಲಿ ಅಂತ ಬರಿಸಿದ್ದ. ಅಂವಾ ತೀರಕೊಂಡ. ನಾನೂ ತಮ್ಮನೂ ಬ್ಯಾರೆ ಆದ್ವಿ. ಹಿಂಗಾಗಿ ಮ್ಯಾಲಿನ ಹೊಲದ ಮಳಿ ನನ್ನ ಹೆಸರಿಗೆ, ಕೆಳಗಿನ ಹೊಲದ ಮಳಿ ತಮ್ಮನ ಹೆಸರಿಗೆ ಬರೀಬೇಕ್ರಿ" ಎಂದ ದುರ್ಗಪ್ಪ.

"ಒಂದs ಮೋಡ ಬರತೈತಪ್ಪಾ. ಅದರಾಗ ಹ್ಯಾಂಗ ಪಾಲ ಮಾಡೋದು?"

"ಪಾಲ ಮಾಡೋದು ಮ್ಯಾಲಿನವನ ಕೆಲಸ್ರಿ. ನೀವು ಬರೀರಿ ಅಷ್ಟ. ಈಗs ಬರೀರಿ. ನಾ ಕುಂದರತೇನಿ."

ಲಗಮಣ್ಣನವರು ಮಸಿ ಮುಗಿದಿದೆ ಎಂದರು. ಮಧ್ಯಾಹ್ನದೊಳಗೆ ದುರ್ಗಪ್ಪ ಹುಕ್ಕೇರಿಗೆ ಸೈಕಲ್ ಹೊಡೆದು ಎರಡು ಬಾಟಲಿ ಮಸಿ ತಂದ. ಅಷ್ಟರಲ್ಲಿ ಬೀರಸಿದ್ದಪ್ಪ ಬಂದು ಕಂಬಳಿ ಹಾಸಿಕೊಂಡು ಅಂಗಳದಲ್ಲಿ ಕುಳಿತಿದ್ದ. ತಾನು ಬರೆಸಿದಾಗ ಎಂಬತ್ತು ಕುರಿ ಇದ್ದವು, ಈಗ ನೂರ ಹನ್ನೊಂದು ಆಗಿವೆ, ಹೆಚ್ಚಿಗೆ ಹುಟ್ಟಿದ ಮೂವತ್ತೊಂದು ಕುರಿಗಳು ಪ್ರಾರ್ಥನೆಯಿಲ್ಲದೆ ಮೇಯುತ್ತಿವೆ ಎಂಬುದು ಅವನ ತಕರಾರು. ಅವುಗಳನ್ನು ಒಂದೊಂದಾಗಿ, ಬಣ್ಣದ ಸಮೇತ ಬರೆಯಬೇಕಂತೆ. ಲಗಮಣ್ಣನವರು ಟಾಕಿನ ಮುಳ್ಳು ಮುರಿದಿದೆ ಎಂದರು. ಬೀರಸಿದ್ದಪ್ಪ ಎದ್ದುಹೋಗಿ, ಉಣ್ಣೆ ಕತ್ತರಿಸುವ ಕತ್ತರಿಯಿಂದ ಕೆತ್ತಿದ ಐದು ದಂಟಿನ ಲೇಖಣಿಗಳನ್ನು ತಂದಿಟ್ಟ.

ಮಂಗಳವಾರ ಹದಿನಾಲ್ಕು ಜನ ಬಂದರು. ಬುಧವಾರ ಇಪ್ಪತ್ತಾರು. ಹಿಡಕಲ್ಲಿನಿಂದ ಬಂದವರು ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ಒಬ್ಬಳು ಸೊಸೆಯ ಹೆಸರಿನಲ್ಲಿದ್ದ ಕೋಪವನ್ನು ಅತ್ತೆಯ ಹೆಸರಿಗೆ ತಿದ್ದಿಸಬೇಕಾಗಿತ್ತು. ಇನ್ನೊಬ್ಬನಿಗೆ ತಾನು ಬರೆಸಿದ ಎಮ್ಮೆ ಸತ್ತು ಆರು ವರ್ಷವಾಗಿದ್ದರಿಂದ ಅದನ್ನು ಕಮ್ಮಿ ಮಾಡಿಸಬೇಕಾಗಿತ್ತು. ಪಾದ್ರಿಯವರು ಚಾಳೀಸು ಕಳೆದಿದೆ ಎಂದರು. ಕಾಡವ್ವ ಅದನ್ನು ಅವರ ಹಣೆಯ ಮೇಲಿಂದಲೇ ತೆಗೆದು ಮೂಗಿನ ಮೇಲೆ ಇಟ್ಟಳು. ಶುಕ್ರವಾರ ಕರ್ತನು ಮರಣ ಹೊಂದಿದ ದಿನವಾದ್ದರಿಂದ ಆ ದಿನ ತಾವು ಬರೆಯುವುದಿಲ್ಲ ಎಂದರು. ಇಂಥ ಶಾಸ್ತ್ರ ಕ್ರೈಸ್ತಸಭೆಯಲ್ಲಿ ಹಿಂದೆ ಇದ್ದಿಲ್ಲ, ಮುಂದೆ ಬರುವ ಸಂಭವವೂ ಇಲ್ಲ. ಆದರೂ ಜನ ಪರಸ್ಪರ ಮುಖ ನೋಡಿ, ನಿಟ್ಟುಸಿರು ಬಿಟ್ಟು ಎದ್ದುಹೋದರು.

ಅವರು ಬಿಡುವು ಕೊಟ್ಟಿದ್ದರೆ ಲಗಮಣ್ಣನವರು ಇಷ್ಟರಲ್ಲಿ ಅರ್ಧ ಪುಸ್ತಕ ಬರೆಯುತ್ತಿದ್ದರು. ಆದರೆ ಪುಸ್ತಕ ತೆರೆದಾಗಲೆಲ್ಲ ಅಂಗಳದಲ್ಲಿ ಕೆಮ್ಮು, ಕೆಮ್ಮು ಕೇಳಿದಾಗಲೆಲ್ಲ ಪುಸ್ತಕ ಬಂದ್. ಐದು ದಿನದ ಬರವಣಿಗೆಯ ಫಲವಾಗಿ ಮೊದಲ ಪುಟದ ಎರಡೂ ಬದಿಗೆ ರೆಕ್ಕೆ ಬಿಚ್ಚಿದ ಬಾವಲಿಯಂಥ ಎರಡು ಮಸಿಕಲೆಗಳು ಮೂಡಿದ್ದವು. ಓದಬಲ್ಲಂಥದ್ದು ಏನೂ ಇರಲಿಲ್ಲ.

ಶನಿವಾರ ಹತ್ತರಗಿಯ ಬಸ್ಸಿನಿಂದ ಹೊಸ ಪಾಳಕರು ಇಳಿದರು. ಹೆಸರು ಯಲ್ಲಾರಿ, ಗೋಕಾಕಿನ ಕಡೆಯವರು, ಬೆಂಗಳೂರಲ್ಲಿ ದೇವಜ್ಞಾನ ಓದಿ ಬಂದವರು. ಕೆಟ್ಟವರಲ್ಲ, ಹೊಸಬರು. ಒಂದು ಟ್ರಂಕು, ಒಂದು ಹಾಸಿಗೆ, ಮತ್ತು ಮಸಿಕಾಗದ ಇಟ್ಟು ಮೂರು ಪ್ರತಿಯಲ್ಲಿ ಬರೆದ ಒಂದು ಪಟ್ಟಿ ಅವರ ಜೊತೆ ಬಂದವು. ನೀರು ಕುಡಿದವರೇ ದೇವಾಲಯಕ್ಕೆ ನಡೆದು ಪಟ್ಟಿಗೆ ಗುರುತು ಹಾಕತೊಡಗಿದರು. ಜನ ಕೂರುವ ಬಾಕು ಆರು, ಕಂದೀಲು ಎರಡು, ಮರಕ್ಕೆ ತೂಗಿದ ರೈಲುಕಂಬಿಯ ತುಂಡು ಒಂದು. ದೀಕ್ಷಾಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಸಮಾಧಿಯ ಪುಸ್ತಕ. ಹದಿನೇಳನೆಯದು ಪ್ರಾರ್ಥನೆಯ ಪುಸ್ತಕ.

ಅದನ್ನು ನಾಳೆ ಆರಾಧನೆ ಮುಗಿದ ಮೇಲೆ ಕೊಡುವುದಾಗಿ ಲಗಮಣ್ಣನವರು ಹೇಳಿದರು. ದುರ್ಗಪ್ಪ ನಡುವೆ ಬಂದು, ಅದು ಹಳೆಯ ಪುಸ್ತಕ, ಅದರಲ್ಲಿ ಏನಿರುತ್ತದೆ, ಪಟ್ಟಿಯಿಂದ ಬಿಟ್ಟುಬಿಡಿ ಎಂದು ಹೊಸ ಪಾಳಕರಿಗೆ ಹೇಳಿದ. ಹಳೆಯ ಪುಸ್ತಕವಾದರೆ ತಾವು ಪೂರ್ತಿ ಓದಲೇಬೇಕು, ಜನರ ಕಷ್ಟ ಹೊಸಬನಿಗೆ ಬೇರೆ ಹೇಗೆ ತಿಳಿಯಬೇಕು ಎಂದು ಅವರು ಬಹಳ ಪ್ರೀತಿಯಿಂದ ಉತ್ತರಿಸಿದರು. ದುರ್ಗಪ್ಪನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿನ ಮೇಲೆ ಅವನೂ ಕಾಡವ್ವನೂ ಅವಸರದಿಂದ ಚಾವಡಿಯ ಕಡೆ ಹೋಗುತ್ತಿದ್ದುದನ್ನು ಚನ್ನವ್ವ ನೋಡಿದಳು. ಗಂಡನಿಗೆ ಹೇಳಲಿಲ್ಲ.

ಭಾನುವಾರ ಕಾಡವ್ವ ರೈಲುಕಂಬಿಯನ್ನು ಎಂದಿಗಿಂತ ಹೆಚ್ಚು ಹೊತ್ತು ಬಡಿದಳು. ಸುತ್ತಲಿನ ಹಳ್ಳಿಗಳಿಂದ ಜನ ಬಂದು ಆರು ಬಾಕು ತುಂಬಿ, ನೆಲ ತುಂಬಿ, ಕಿಟಕಿಗಳಲ್ಲಿ ನಿಂತರು. ಹಿಂದುಗಡೆ ಬೀರಸಿದ್ದಪ್ಪ ಕಂಬಳಿ ಹೊದ್ದು ಕುಳಿತಿದ್ದ. ಹೊರಗಿನ ಒಲೆಯ ಮೇಲೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಲಗಮಣ್ಣನವರು ಅಂದು ತಾವು ಆಡಬೇಕಾದ ಕೃತಜ್ಞತೆಯ ಪ್ರಸಂಗವನ್ನು ಮೂರು ಭಾಗ ಮಾಡಿ ಕಾಗದದಲ್ಲಿ ಬರೆದುಕೊಂಡಿದ್ದರು. ಕಾಗದವನ್ನು ಜೋಪಾನವಾಗಿರಲಿ ಎಂದು ಛತ್ರಿಯೊಳಗೆ ಇಟ್ಟಿದ್ದರು. ಛತ್ರಿ ಈಗ ಯಾರ ಮನೆಯಲ್ಲಿತ್ತೋ ದೇವರೇ ಬಲ್ಲ.

ಎರಡನೆಯ ಕೀರ್ತನೆ ಮುಗಿದು ಅವರು ಎದ್ದುನಿಂತು ಗಂಟಲು ಸರಿಮಾಡಿಕೊಳ್ಳುವಾಗ ಬಾಗಿಲಲ್ಲಿ ತಲಾಟಿ ಶಿದ್ಲಿಂಗಪ್ಪನವರು ಕಾಣಿಸಿಕೊಂಡರು. ಕೋಟು, ರುಮಾಲು, ಕೈಯಲ್ಲಿ ಸರಕಾರಿ ಕಾಗದ. ಚಪ್ಪಲಿ ಹೊರಗೆ ಬಿಟ್ಟು, ಒಮ್ಮೆ ದೇವರ ಮೇಜಿಗೆ ಕೈಮುಗಿದು, ಆಮೇಲೆ ಮುಖ ಗಂಟು ಹಾಕಿಕೊಂಡರು. ಈ ಗ್ರಾಮದಲ್ಲಿ ಮಳೆ, ಬೆಳೆ, ದನ, ಕುರಿ ಮುಂತಾದವುಗಳನ್ನು ಖಾಸಗಿ ಪುಸ್ತಕವೊಂದರಲ್ಲಿ ದಾಖಲು ಮಾಡುತ್ತಿರುವುದು ತಮ್ಮ ಗಮನಕ್ಕೆ ಬಂದಿದೆಯೆಂದೂ, ಮಳೆ ಬೆಳೆಗಳನ್ನು ದಾಖಲು ಮಾಡುವ ಅಧಿಕಾರ ತಲಾಟಿಗೆ ಮಾತ್ರ ಇರುವುದರಿಂದ ಸದರಿ ಪುಸ್ತಕವನ್ನು ಜಪ್ತಿ ಮಾಡಿ ಒಯ್ಯುವುದಾಗಿಯೂ ಒಂದೇ ಉಸಿರಿನಲ್ಲಿ ಹೇಳಿದರು.

ಯಲ್ಲಾರಿಯವರು ದಿಗ್ಭ್ರಮೆಗೊಂಡು ಎದ್ದರು. ದುರ್ಗಪ್ಪ ಅವರ ತೋಳು ಹಿಡಿದು ಕೂರಿಸಿ, ಸರಕಾರದ ಮುಂದೆ ನಾವೇನು ಮಾಡಲಾದೀತು ಎಂದು ಬಹಳ ಸಮಾಧಾನದಿಂದ ಹೇಳಿದ. ಸಭೆಯಲ್ಲಿ ಒಬ್ಬರೂ ಅಡ್ಡಿ ಮಾಡಲಿಲ್ಲ. ಕಾಡವ್ವ ತಾನೇ ಎದ್ದು ಪಾದ್ರಿಯವರ ಕಂಕುಳಿಂದ ಪುಸ್ತಕ ಬಿಡಿಸಿ ತಲಾಟಿಯವರ ಕೈಗೆ ಕೊಟ್ಟಳು. ಅವರು ಹಾಗೆಯೇ ಹೊರಟುಹೋಗಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

ಆದರೆ ಶಿದ್ಲಿಂಗಪ್ಪನವರು ಹದಿನೆಂಟು ವರ್ಷ ನೌಕರಿ ಮಾಡಿದವರು. ಜಪ್ತಿ ಎಂಬ ಶಬ್ದ ಬಾಯಿಂದ ಬಂದ ಮೇಲೆ ಕೈ ತಾನಾಗಿಯೇ ಪಂಚನಾಮೆಗೆ ಹೋಯಿತು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಬಾಕಿನ ಮೇಲೆ ಕುಳಿತು, ಪಂಚರಾಗಿ ಇಬ್ಬರು ಬರಬೇಕೆಂದರು.

"ಸಾಹೇಬ್ರ, ಪಂಚನಾಮಿ ಬ್ಯಾಡ್ರಿ. ಹಂಗs ಒಯ್ರಿ" ಎಂದ ದುರ್ಗಪ್ಪ, ಅವರ ಕಿವಿಯ ಹತ್ತಿರ ಬಗ್ಗಿ.

"ಪಂಚನಾಮಿ ಇಲ್ಲದ ಜಪ್ತಿ ಮಾಡಿದ್ರ ನನ್ನ ನೌಕರಿ ಉಳದೀತೇನೋ?" ಎಂದು ಶಿದ್ಲಿಂಗಪ್ಪನವರು ಬರೆಯುತ್ತಲೇ ಪುಸ್ತಕ ತೆರೆದರು. "ಪುಸ್ತಕ ಒಂದು. ರಟ್ಟು ಕರೇದು. ಪುಟ ಇನ್ನೂರು. ಒಳಗ ಬರದದ್ದು…"

ಅಲ್ಲಿಗೆ ಅವರ ದನಿ ನಿಂತಿತು. ಮೊದಲ ಪುಟದ ಬಾವಲಿಗಳನ್ನು ನೋಡಿದರು. ಹಾಳೆ ತಿರುವಿದರು. ಮತ್ತೆ ತಿರುವಿದರು. ಕೊನೆಗೆ ಇಡೀ ಪುಸ್ತಕವನ್ನು ಹೆಬ್ಬೆರಳಿನಿಂದ ಸರಸರನೆ ಬಿಟ್ಟರು. ಬಿಳಿಯ ಹಾಳೆಗಳು ಒಂದರ ಮೇಲೊಂದು ಬಿದ್ದ ಸಪ್ಪಳ ಕೊನೆಯ ಕಿಟಕಿಯಲ್ಲಿ ನಿಂತವರಿಗೂ ಕೇಳಿಸಿತು. ನಿನ್ನೆ ದುರ್ಗಪ್ಪನೂ ಕಾಡವ್ವನೂ ಚಾವಡಿಗೆ ಬಂದು ಬೇಡಿದ ಉಪಕಾರ ಏನಾಗಿತ್ತು, ತಾವು ಮಾಡಿದ್ದು ಏನು ಎಂಬುದು ಅವರಿಗೆ ಆಗ ಹೊಳೆಯಿತು. ದುರ್ಗಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡಿದ್ದ.

ಲಗಮಣ್ಣನವರು ಮೇಜಿನ ಅಂಚು ಹಿಡಿದುಕೊಂಡರು. ಮೂರು ಭಾಗದ ಪ್ರಸಂಗ ಹೇಗೂ ಇರಲಿಲ್ಲ. ಇದ್ದದ್ದನ್ನು ಹೇಳಿದರು. ಹೊಳೆಯ ನಡುವೆ ಕೈ ಎತ್ತಿದ್ದು, ಪುಸ್ತಕ ಹೋದದ್ದು, ಗೋಕಾಕಿನಲ್ಲಿ ಹೊಸದು ಕೊಂಡದ್ದು, ಅಂಗಳದಲ್ಲಿ "ಐತಿ" ಎಂದದ್ದು.

"ಸುಳ್ಳು ಹೇಳೇನಿ. ಹನ್ನೊಂದು ವರ್ಷ ಹೇಳೇನಿ. ಆದ್ರ ನಿಮ್ಮ ಸಲುವಾಗಿ ಬೇಡೋದು ಒಂದ ವಾರನೂ ಬಿಟ್ಟಿಲ್ಲ. ಇದಕ್ಕ ನನ್ನ ಹಂತೇಕ ಯಾವ ಸಾಕ್ಷಿನೂ ಇಲ್ಲ" ಎಂದರು.

ಹೊರಗೆ ಹುಗ್ಗಿಯ ಹಂಡೆಯ ಮುಚ್ಚಳ ಕಟಕಟ ಎಂದಿತು. ಕಾಡವ್ವ ಮೊಣಕಾಲ ಮೇಲೆ ಕೈಯೂರಿ ಎದ್ದಳು.

"ಕುಂದರ್ರಿ ಯಪ್ಪಾ. ಇದು ನಮಗ ಹನ್ನೊಂದು ವರ್ಷದಿಂದ ಗೊತ್ತೈತಿ."

ಲಗಮಣ್ಣನವರು ಕುಸಿದು ಕುಳಿತರು.

ಕಾಡವ್ವ ಹೇಳಿದ್ದು ಹೀಗೆ. ಹೊಸ ಪುಸ್ತಕ ಬಂದ ಮೊದಲ ವಾರವೇ ಪಾದ್ರಿಯವರು ಅದನ್ನು ದೇವರ ಮೇಜಿನ ಮೇಲೆ ಮರೆತು ಹೋಗಿದ್ದರು. ಆಕೆ ಧೂಳು ಹೊಡೆಯುವಾಗ, ಹುಳ ಹಿಡಿದಿದೆಯೋ ಎಂದು ತೆರೆದು ನೋಡಿದಳು.

"ನನಗ ಓದಾಕ ಬರಂಗಿಲ್ಲ, ಖರೆ. ಆದ್ರ ಬರದ ಹಾಳಿ ಯಾವುದು, ಖಾಲಿ ಹಾಳಿ ಯಾವುದು ಅನ್ನೋದು ಕಾಣತೈತಿ. ಪೊರಿ ಬಂದದ್ದು ಬಲಗಣ್ಣಿಗೆ. ಎಡಗಣ್ಣು ನೆಟ್ಟಗೈತಂತ ನಿಮಗ ವಾರಾ ಹೇಳೇನಲ್ರಿ."

ಆಕೆ ಈ ಗುಟ್ಟನ್ನು ದುರ್ಗಪ್ಪನೊಬ್ಬನಿಗೆ ಹೇಳಿದ್ದಳು. ಅವನು ತನ್ನ ಹೆಂಡತಿಯೊಬ್ಬಳಿಗೆ ಹೇಳಿದ್ದ. ಆದ್ದರಿಂದ ಸಂಜೆಯೊಳಗೆ ಇಡೀ ಹುಣಸಿಕಟ್ಟಿಗೆ ಗೊತ್ತಾಗಿತ್ತು. ಬೇವಿನ ಮರದ ಕೆಳಗೆ ಎಲ್ಲರೂ ಕೂಡಿ ಒಂದು ಠರಾವು ಮಾಡಿದರು. ಪಾದ್ರಿಯವರಿಗೆ ಏನೂ ಗೊತ್ತುಮಾಡಬಾರದು, ಪಾಪ, ನೊಂದುಕೊಳ್ಳುತ್ತಾರೆ. ಪುಸ್ತಕದಲ್ಲಿ ಇಲ್ಲವೆಂದ ಮೇಲೆ ಅವರಿಗೆ ನೆನಪಾದರೂ ಮಾಡಿಕೊಡಬೇಕು. ಅಂದಿನಿಂದ ಭಾನುವಾರದ ಬಾಗಿಲ ಸಾಲು ಶುರುವಾಯಿತು.

"ಹಂಗಾರ ಈ ವಾರ ಎಲ್ಲಾರೂ ಬಂದದ್ದು…" ಎಂದರು ಲಗಮಣ್ಣನವರು ಮೆಲ್ಲಗೆ.

"ಹೊಸಾ ಸಾಹೇಬ್ರ ಕೈಯಾಗ ಖಾಲಿ ಪುಸ್ತಕ ಹೋದ್ರ ನಿಮ್ಮ ಮಾನ ಹೋಗತೈತಂತ ಬಂದ್ವ್ರಿ" ಎಂದ ದುರ್ಗಪ್ಪ, ತಲೆಯಿಂದ ಕೈ ತೆಗೆಯದೆ. "ಹೆಂಗರ ಮಾಡಿ ನಾಕ ಹಾಳಿ ಬರಸಬೇಕಂತ ಮಳಿ ಪಾಲ ಮಾಡಿದೆ, ಎರಡ ಬಾಟ್ಲಿ ಮಸಿ ತಂದೆ. ನೀವು ಪುಸ್ತಕದ ಮ್ಯಾಲಿಂದ ಏಳಲಿಲ್ಲ."

ಹಿಂದಿನಿಂದ ಬೀರಸಿದ್ದಪ್ಪ, ತನ್ನ ಕುರಿ ಈಗಲೂ ಎಂಬತ್ತೇ ಇವೆ, ಮೂವತ್ತೊಂದು ಕುರಿಗಳನ್ನು ಪಾದ್ರಿಯವರ ಸಲುವಾಗಿಯೇ ಹುಟ್ಟಿಸಿದ್ದೆ ಎಂದು ಒಪ್ಪಿಕೊಂಡ. ಲಗಮಣ್ಣನವರು ಹೆಂಡತಿಯ ಕಡೆ ನೋಡಿದರು. ಚನ್ನವ್ವ ಸೆರಗಿನ ಅಂಚಿನಲ್ಲಿ ಒಂದು ದಾರ ಹುಡುಕುತ್ತಿದ್ದಳು. ಅದು ಬೇಗ ಸಿಕ್ಕಲಿಲ್ಲ.

"ಆದ್ರೂ ನಾ ಬೇಡಿದ್ದಕ್ಕ ಸಾಕ್ಷಿ ಇಲ್ಲಲ್ಲ ಕಾಡವ್ವಾ" ಎಂದರು ಲಗಮಣ್ಣನವರು. ಅವರ ದನಿ ಚಿಕ್ಕದಾಗಿತ್ತು.

"ಸಾಕ್ಷಿ ನಾವಿಲ್ಲೇನ್ರಿ? ಐತಾರಕ್ಕೊಮ್ಮೆ ನೀವು ನಮ್ಮ ಹೆಸರು ಹಿಡದ ಬೇಡಿದ್ದು ಈ ಕಿವಿಲೆ ಕೇಳೇವಿ. ಅದಲಿ ಬದಲಿ ಇರತಿತ್ತು. ನನ್ನ ಪೊರಿ ಎಷ್ಟೋ ಸಲ ದುರ್ಗಪ್ಪನ ಎತ್ತಿಗೆ ಹೋಗೇತಿ. ಆದ್ರ ಯಾರನ್ನೂ ಬಿಟ್ಟಿದ್ದಿಲ್ಲ ನೀವು. ಒಬ್ಬರನ್ನೂ ಬಿಟ್ಟಿದ್ದಿಲ್ಲ."

ಸಭೆಯಲ್ಲಿ ಒಬ್ಬರು ಆಮೆನ್ ಎಂದರು. ಆಮೇಲೆ ಎಲ್ಲರೂ ಎಂದರು. ಲಗಮಣ್ಣನವರು ಚಾಳೀಸು ತೆಗೆದು ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿದರು. ನಿವೃತ್ತರಾಗುವ ಪಾಳಕರು ಮಾಡುವ ಪ್ರಸಂಗ ಸಾಮಾನ್ಯವಾಗಿ ಒಂದು ತಾಸಿಗೆ ಕಡಿಮೆ ಇರುವುದಿಲ್ಲ. ಲಗಮಣ್ಣನವರು ಎದ್ದು, "ನಾ ನಿಮ್ಮನ್ನ ಕಾಯಾಕತ್ತೇನಂತ ತಿಳಕೊಂಡಿದ್ದೆ. ನಿಮ್ಮ ಉಪಕಾರ ಭಾಳ ಐತಿ" ಎಂದಷ್ಟೇ ಹೇಳಿ ಕುಳಿತರು. ಹುಣಸಿಕಟ್ಟಿಯ ಸಭೆಯಲ್ಲಿ ಇಷ್ಟು ಸಣ್ಣ ಪ್ರಸಂಗ ಅದಕ್ಕೂ ಮೊದಲು ಯಾರೂ ಕೇಳಿರಲಿಲ್ಲ.

ಶಿದ್ಲಿಂಗಪ್ಪನವರು ಅರ್ಧಕ್ಕೆ ನಿಂತ ಪಂಚನಾಮೆಯನ್ನು ಏನು ಮಾಡಬೇಕೆಂದು ತಿಳಿಯದೆ ಲೇಖಣಿ ಹಿಡಿದು ಕುಳಿತಿದ್ದರು. ಅರ್ಧ ಪಂಚನಾಮೆ ಬಿಟ್ಟು ಏಳುವುದು ಅವರಿಂದಾಗದು. ಕೊನೆಗೆ ಬರೆದು, ಗಟ್ಟಿಯಾಗಿ ಓದಿದರು. ಪುಟ ಇನ್ನೂರು, ಬರಹ ಇಲ್ಲ, ಮಸಿಕಲೆ ಎರಡು. ಸದರಿ ಪುಸ್ತಕದ ಬಗ್ಗೆ ಗ್ರಾಮಸ್ಥರಲ್ಲಿ ಯಾರದೂ ತಕರಾರು ಇಲ್ಲ. ಪುಸ್ತಕವನ್ನು ಸಭೆಗೆ ಮರಳಿ ಒಪ್ಪಿಸಲಾಗಿದೆ. ಅದರ ಕೆಳಗೆ ಸಹಿ ಮಾಡಿದ ಪಂಚರು ದುರ್ಗಪ್ಪ, ಬೀರಸಿದ್ದಪ್ಪ. ಬೀರಸಿದ್ದಪ್ಪನದು ಹೆಬ್ಬೆಟ್ಟು.

ಇಷ್ಟೂ ಹೊತ್ತು ಬಾಯಿ ತೆರೆದುಕೊಂಡು ಕುಳಿತಿದ್ದ ಯಲ್ಲಾರಿಯವರು ಎದ್ದು ಬಂದು ಪುಸ್ತಕ ತೆಗೆದುಕೊಂಡರು. ತಮ್ಮ ಪಟ್ಟಿಯ ಹದಿನೇಳನೆಯ ಸಾಲಿಗೆ ಗುರುತು ಹಾಕಿ, ಮೂರೂ ಪ್ರತಿಗಳನ್ನು ಮಡಿಚಿ ಕಿಸೆಯಲ್ಲಿಟ್ಟರು. ಈ ಪುಸ್ತಕದಲ್ಲಿ ಇನ್ನು ತಾವು ಬರೆಯುವುದಾಗಿ ಹೇಳಿ, ಮೊದಲು ಯಾರದನ್ನು ಬರೆಯಬೇಕೆಂದು ಸಭೆಯನ್ನು ಕೇಳಿದರು. ಅದು ದೇವಜ್ಞಾನದ ಓದಿನಲ್ಲಿ ಇರಲಾರದು. ಹುಣಸಿಕಟ್ಟಿಗೆ ಬಂದ ಮೇಲೆ ಒಂದೇ ದಿನದಲ್ಲಿ ಕಲಿತದ್ದು.

"ಇವರದs ಬರೀರಿ" ಎಂದಳು ಕಾಡವ್ವ, ಲಗಮಣ್ಣನವರನ್ನು ತೋರಿಸಿ. "ಎಡಮಂಡಿ. ಬಲಮಂಡಿ ಅಲ್ಲ. ಚಳಿ ಬಿತ್ತಂದ್ರ ಮೆಟ್ಟಲಾ ಇಳಿಯಾಕ ಆಗಂಗಿಲ್ಲ."

ಲಗಮಣ್ಣನವರು ಆ ನೋವನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ.

ಹುಗ್ಗಿ ಊಟವಾಯಿತು. ಒಬ್ಬೊಬ್ಬರ ಮನೆಯಿಂದ ಒಂದೊಂದು ರೊಟ್ಟಿಯ ಗಂಟು ಬಂದು ಚನ್ನವ್ವನ ಮುಂದೆ ಗುಡ್ಡೆಯಾಯಿತು. ಗಂಟುಗಳ ಜೊತೆಗೆ ಹನ್ನೆರಡು ಛತ್ರಿಗಳೂ ಬಂದವು. ಎಲ್ಲವೂ ಲಗಮಣ್ಣನವರವೇ. ಅವುಗಳಲ್ಲೊಂದರ ಒಳಗೆ ಮೂರು ಭಾಗದ ಪ್ರಸಂಗವೂ ಇತ್ತು. ಮೂರು ಗಂಟೆಗೆ ಗೋಕಾಕಿನ ಬಸ್ಸು ಬಂತು. ಊರೆಲ್ಲ ಸೇರಿ ಅವರನ್ನು ಹತ್ತಿಸಿ, ಗಂಟುಗಳನ್ನು ಹತ್ತಿಸಿ, ಛತ್ರಿಗಳನ್ನು ಹತ್ತಿಸಿತು. ಬಸ್ಸು ಹೊರಟು, ಇಪ್ಪತ್ತು ಮಾರು ಹೋಗಿ, ಗಕ್ಕನೆ ನಿಂತಿತು.

ಕಿಟಕಿಯಿಂದ ಲಗಮಣ್ಣನವರ ತಲೆ ಹೊರಗೆ ಬಂತು. ಆಮೇಲೆ ಕೈ ಬಂತು. ಕೈಯಲ್ಲಿ ಕರಿ ರಟ್ಟಿನ ಪುಸ್ತಕವಿತ್ತು. ಊಟದ ಹೊತ್ತಿನಲ್ಲಿ ಯಲ್ಲಾರಿಯವರು ಅದನ್ನು ಮಗ್ಗುಲಲ್ಲಿ ಇಟ್ಟಾಗ, ಕಂಕುಳು ತನ್ನ ಹಳೆಯ ಅಭ್ಯಾಸದಂತೆ ಅದನ್ನು ಎತ್ತಿಕೊಂಡಿತ್ತು.

ಕಾಡವ್ವ ಹೋಗಿ ಪುಸ್ತಕ ಇಸಿದುಕೊಂಡು ಬಂದು ಯಲ್ಲಾರಿಯವರ ಕೈಯಲ್ಲಿಟ್ಟಳು.

"ಮಂಡಿ ಕೆಳಗ ಇನ್ನೊಂದು ಬರೀರಿ ಸಾಹೇಬ್ರ" ಎಂದಳು. "ಮರೆವು."

ಬಸ್ಸಿನಲ್ಲಿ ಲಗಮಣ್ಣನವರು ಕಿಟಕಿಯ ಪಕ್ಕ ಕುಳಿತಿದ್ದರು. ಎಡಗಂಕುಳು ಖಾಲಿಯಾಗಿದ್ದರೂ ಪುಸ್ತಕ ಇದ್ದ ಹಾಗೆಯೇ ಬಿಗಿದುಕೊಂಡಿತ್ತು. ಹೊಳೆಯ ಸೇತುವೆ ಬಂದಾಗ ಅವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸತೊಡಗಿದರು. ಕಾಡವ್ವನ ಎಡಗಣ್ಣು, ದುರ್ಗಪ್ಪನ ಕುರಿ, ಬೀರಸಿದ್ದಪ್ಪನ ವರ್ಗಾವಣೆ.

"ಬಲಗಣ್ಣು" ಎಂದಳು ಚನ್ನವ್ವ, ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಸರಿಪಡಿಸಿಕೊಳ್ಳುತ್ತ. "ಕುರಿ ಬೀರಸಿದ್ದಪ್ಪಂದು. ವರ್ಗಾವಣಿ ತಲಾಟಿದು. ಹ್ಞೂಂ, ಮುಂದ ಹೇಳ್ರಿ."